ಕ್ರೋಶಿಯಾ: ಒಂದು ಕೊಕ್ಕೆ, ಒಂದು ನೂಲು

ನಮ್ಮ ವಿಜಯಪುರ ನಗರದಲ್ಲಾಗಲಿ, ತಿಕೋಟಾ, ಬಬಲೇಶ್ವರದಂಥ ಊರುಗಳಲ್ಲಾಗಲಿ, ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ಉಳಿದ ಹುಡುಗಿಗೆ ಹಿರಿಯರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಖಾಲಿ ಯಾಕ ಕೂಡ್ತಿ, ಕ್ರೋಶಿಯಾ ಆದ್ರೂ ಕಲಿ." ಈ 'ಆದ್ರೂ' ಎಂಬ ಪದ ನನಗೆ ಮೊದಲಿನಿಂದಲೂ ಸರಿಬಂದಿಲ್ಲ. ಬೇರೇನೂ ಆಗದಿದ್ದವರಿಗೆ ಉಳಿದ ವಿದ್ಯೆ ಇದು ಎಂಬ ಭಾವನೆ ಅದರಲ್ಲಿದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಮೊದಲು ನಮ್ಮ ಎರಡು ಭಾಷೆಗಳ ವಿಷಯ. ಉರ್ದುವಿನಲ್ಲಿ ಬಟ್ಟೆ ನೇಯುವುದಕ್ಕೂ ಸ್ವೆಟರ್ ಹಾಕುವುದಕ್ಕೂ 'ಬುನ್ನಾ' ಎಂಬ ಒಂದೇ ಕ್ರಿಯಾಪದ. ಕನ್ನಡದಲ್ಲಿ ಬಟ್ಟೆಯನ್ನು ನೇಯುತ್ತೇವೆ, ಸ್ವೆಟರನ್ನು ಹೆಣೆಯುತ್ತೇವೆ. ಈ ಒಂದು ವಿಷಯದಲ್ಲಿ ಕನ್ನಡವೇ ಹೆಚ್ಚು ಸ್ಪಷ್ಟ ಎಂದು ಉರ್ದು ಶಿಕ್ಷಕರೂ ಒಪ್ಪಬೇಕು. ನೇಯ್ಗೆಗೆ ಮಗ್ಗ ಬೇಕು, ಹಾಸು-ಹೊಕ್ಕಿನ ನೂಲು ಬೇಕು. ಕುರುಬರ ಕಂಬಳಿ, ಇಳಕಲ್ ಸೀರೆ ಹೀಗೆ ಆದವು. ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ರತ್ನಗಂಬಳಿಗಳೂ ಮಗ್ಗದ ಮೇಲೆಯೇ ಗಂಟು ಹಾಕಿ ಮಾಡಿದವು. ಹೆಣಿಗೆಗೆ ಮಗ್ಗ ಬೇಡ. ಒಂದೇ ನೂಲು, ಒಂದು ಕುಣಿಕೆಯೊಳಗಿಂದ ಎಳೆದ ಇನ್ನೊಂದು ಕುಣಿಕೆ, ಅಷ್ಟೆ. ಎರಡು ಸಲಾಯಿಗಳಿಂದ ಮಾಡಿದರೆ ಹೆಣಿಗೆ, ಒಂದು ಕೊಕ್ಕೆಯಿಂದ ಮಾಡಿದರೆ ಕ್ರೋಶಿಯಾ. ಫ್ರೆಂಚ್ ಭಾಷೆಯಲ್ಲಿ ಆ ಪದದ ಅರ್ಥವೇ ಚಿಕ್ಕ ಕೊಕ್ಕೆ.

ಸಲಾಯಿಯ ಹೆಣಿಗೆ ಬಹಳ ಹಳೆಯದು. ಇಂದು ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ನಿಜವಾದ ಹೆಣಿಗೆಯ ಮಾದರಿಗಳು ಸಿಕ್ಕಿದ್ದು ಈಜಿಪ್ಟಿನಲ್ಲಿ. 11ನೇ ಶತಮಾನದಿಂದೀಚೆಗಿನ, ಅಂದರೆ ಇಸ್ಲಾಮೀ ಆಳ್ವಿಕೆಯ ಕಾಲದ, ನೀಲಿ-ಬಿಳಿ ಹತ್ತಿ ನೂಲಿನ ಕಾಲುಚೀಲಗಳು ಅವು. ಕೆಲವುಗಳ ಮೇಲೆ ಕೂಫಿ ಲಿಪಿಯನ್ನು ಹೋಲುವ ಅಂಚುಗಳಿವೆ. ನಮ್ಮ ಉರ್ದುವಿನ 'ಜುರಾಬ್' ಪದವೂ ಅರಬ್ಬಿಯ 'ಜೌರಬ್' ಮೂಲಕ ಬಂದದ್ದು. ಅಲ್ಲಿಂದ ಈ ಕಲೆ ಸ್ಪೇನಿಗೆ ತಲುಪಿತು. ಬುರ್ಗೋಸ್ ನಗರದ ಲಾಸ್ ಹುಯೆಲ್ಗಾಸ್ ಮಠದಲ್ಲಿ, 1275ರಲ್ಲಿ ತೀರಿಕೊಂಡ ರಾಜಕುಮಾರ ಫರ್ನಾಂಡೊ ದೆ ಲಾ ಸೆರ್ದಾನ ಸಮಾಧಿಯಲ್ಲಿ ಒಂದು ರೇಷ್ಮೆ ದಿಂಬಿನ ಹೊದಿಕೆ ದೊರೆಯಿತು. ಅಂಗುಲಕ್ಕೆ ಸುಮಾರು 20 ಕುಣಿಕೆಗಳಷ್ಟು ಸೂಕ್ಷ್ಮವಾದ ಹೆಣಿಗೆ. ಅಂಚಿನಲ್ಲಿ ಅರಬ್ಬಿ ಅಕ್ಷರಗಳಲ್ಲಿ 'ಬರಕತ್' ಎಂಬರ್ಥದ ಪದ. ಕ್ರೈಸ್ತ ರಾಜಮನೆತನಕ್ಕೆ ಮುಸ್ಲಿಂ ಕುಶಲಕರ್ಮಿಗಳು ಹೆಣೆದುಕೊಟ್ಟದ್ದು ಎಂಬುದು ವಿದ್ವಾಂಸರ ಅಭಿಪ್ರಾಯ.

ಇದು ಹೆಂಗಸರ ಬಿಡುವಿನ ಕೆಲಸವೆಂದು ತಿಳಿದವರು ಇನ್ನೊಂದು ಸಂಗತಿ ಗಮನಿಸಬೇಕು. 16-17ನೇ ಶತಮಾನದ ಯುರೋಪಿನ ಹಲವು ನಗರಗಳಲ್ಲಿ ಹೆಣಿಗೆಯವರ ಸಂಘಗಳಿದ್ದವು, ಅವುಗಳಲ್ಲಿ ಇದ್ದವರು ಗಂಡಸರು. ವರ್ಷಗಟ್ಟಲೆ ಗುರುವಿನ ಬಳಿ ಕಲಿತು, ಪರೀಕ್ಷೆಯ ಕೃತಿ ಹೆಣೆದು ತೋರಿಸಿದ ಮೇಲೆಯೇ ಉಸ್ತಾದ್ ಪಟ್ಟ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಂಡುಹಿಡಿದ. ಯಂತ್ರ ಬೆಳೆದಂತೆ ಕೈಹೆಣಿಗೆಯ ಬೆಲೆ ಇಳಿಯಿತು, ಬೆಲೆ ಇಳಿದ ಕೆಲಸ ಮನೆಯೊಳಗಿನವರ ಪಾಲಿಗೆ ಬಂತು ಎಂದು ನಾನು ತಿಳಿದಿದ್ದೇನೆ.

ಕ್ರೋಶಿಯಾದ ಕಥೆ ಇಷ್ಟು ಹಿಂದಕ್ಕೆ ಹೋಗುವುದಿಲ್ಲ. ಇಂದಿನ ರೂಪದಲ್ಲಿ ಅದು 19ನೇ ಶತಮಾನದ್ದು. ಆದರೆ ಅದರ ಒಂದು ಬೇರು ನಮ್ಮ ಕಡೆಯೇ ಇದೆ ಎಂಬ ವಾದವಿದೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಸೂಜಿಯಿಂದ ಸರಪಳಿ ಹೊಲಿಗೆ ಹಾಕುವ 'ಆರಿ' ಕೆಲಸ 18ನೇ ಶತಮಾನದಲ್ಲಿ ಪೂರ್ವ ದೇಶಗಳಿಂದ ಫ್ರಾನ್ಸಿಗೆ ಹೋಯಿತು. ಮುಂದೆ ಯಾರೋ ಕೆಳಗಿನ ಬಟ್ಟೆಯನ್ನೇ ತೆಗೆದುಹಾಕಿ ಗಾಳಿಯಲ್ಲೇ ಸರಪಳಿ ಹಾಕಿದರು, ಅದೇ ಕ್ರೋಶಿಯಾ ಆಯಿತು ಎನ್ನುತ್ತಾರೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಭೀಕರ ಕ್ಷಾಮ ಬಿದ್ದಾಗ ಸನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಈ ಲೇಸು ಕಲಿಸಿದರು. ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಆ ಕೊಕ್ಕೆಯಿಂದ. ಬರಗಾಲವನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ 19ನೇ ಶತಮಾನದಲ್ಲಿ ಮಿಶನರಿ ಮಹಿಳೆಯರು ಈ ವಿದ್ಯೆಯನ್ನು ಆಂಧ್ರದ ಗೋದಾವರಿ ತೀರದ ನರಸಾಪುರಕ್ಕೆ ತಂದರು. ಮೊದಲು ಬಡ ಕ್ರೈಸ್ತ ಹೆಂಗಸರು ಕಲಿತರು, ನಂತರ ಗೋಷಾದಲ್ಲಿದ್ದ ಕಾಪು ಜಾತಿಯ ಹಿಂದೂ ಹೆಂಗಸರು. ಗೋಷಾ ಎಂದರೆ ನಮ್ಮ ಸಮಾಜದ್ದು ಮಾತ್ರ ಎಂದು ತಿಳಿದವರು ಇದನ್ನು ನೋಡಬೇಕು. ಹೊರಗೆ ಹೋಗದೆ ಮಾಡುವ ಕೆಲಸವಾದ್ದರಿಂದ ಮನೆಯ ಮಾನಕ್ಕೂ ಕುಂದಿಲ್ಲ ಎಂದುಕೊಂಡರು. 1970ರ ದಶಕದ ಕೊನೆಯಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಲೇಸು ವಿದೇಶಕ್ಕೆ ಹೋಗಿ ಹಣ ತರುತ್ತಿತ್ತು, ವ್ಯಾಪಾರ ಗಂಡಸರ ಕೈಯಲ್ಲಿತ್ತು. ಮನೆಗೆಲಸದ ಜೊತೆಗೆ ದಿನಕ್ಕೆ ಆರೆಂಟು ತಾಸು ಹೆಣೆದ ಹೆಂಗಸಿಗೆ ಹೊಲದ ಕೂಲಿಗಿಂತ ಕಡಿಮೆ ಸಿಗುತ್ತಿತ್ತು. ಕಾರಣ, ಅವಳನ್ನು ಯಾರೂ ಕೆಲಸಗಾರ್ತಿ ಎಂದು ಎಣಿಸಲಿಲ್ಲ. ಮನೆಯಲ್ಲಿ ಕೂತು ವೇಳೆ ಕಳೆಯುವ ಗೃಹಿಣಿ ಎಂದೇ ಲೆಕ್ಕ. ನಮ್ಮ 'ಆದ್ರೂ' ಪದಕ್ಕೂ ಈ ಲೆಕ್ಕಕ್ಕೂ ಹೆಚ್ಚು ದೂರವಿಲ್ಲ.

ನಮ್ಮ ಭಾಗಕ್ಕೆ ಬಂದರೆ, 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕೇಂದ್ರ ಇಲ್ಲಿಗೆ ಬಂದಾಗ ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದೆವು. ಆ ಕಾಲದಲ್ಲಿ ಸೂಜಿ ಕೆಲಸ ಎಂದರೆ ಹೆಣ್ಣುಮಕ್ಕಳ ಶಾಲೆಯ ಪಾಠ. ಈ ದೃಷ್ಟಿಯನ್ನು ಬದಲಿಸಿದ ದೊಡ್ಡ ಪ್ರಯತ್ನ 1937ರದು. ವಾರ್ಧಾ ಸಮ್ಮೇಳನದ ನಂತರ ಡಾ. ಜಾಕಿರ್ ಹುಸೇನ್ ಅವರ ಅಧ್ಯಕ್ಷತೆಯ ಸಮಿತಿ ಕೈಕಸುಬನ್ನೇ ಶಿಕ್ಷಣದ ಕೇಂದ್ರದಲ್ಲಿರಿಸಿತು. ಗಂಡು-ಹೆಣ್ಣೆನ್ನದೆ ಮಗು ನೂಲುವಾಗಲೇ ಗಣಿತ, ಭೂಗೋಳ ಕಲಿಯಬೇಕು ಎಂಬುದು ಅದರ ಆಶಯ. ಅದು ನಮ್ಮ ಶಾಲೆಗಳಲ್ಲಿ ಕೊನೆಗೆ ವಾರಕ್ಕೊಂದು ಕ್ರಾಫ್ಟ್ ಪೀರಿಯಡ್ ಆಗಿ ಉಳಿಯಿತು. ಅದನ್ನೂ ಪರೀಕ್ಷೆ ಹತ್ತಿರ ಬಂದಾಗ ಗಣಿತದವರು ಕೇಳಿ ಪಡೆಯುತ್ತಾರೆ!

ಹೊಸದಾಗಿ ಕಲಿಯುವ ವಿದ್ಯಾರ್ಥಿನಿಯರು, ವಿದ್ಯಾರ್ಥಿಗಳೂ ಸಹ, ಕ್ರೋಶಿಯಾದಿಂದ ಶುರುಮಾಡುವುದು ಒಳ್ಳೆಯದು. ಸಲಾಯಿಯ ಮೇಲೆ ಹತ್ತಾರು ಕುಣಿಕೆಗಳು ಒಮ್ಮೆಲೇ ಇರುತ್ತವೆ, ಒಂದು ಜಾರಿದರೆ ಕೆಳಗಿನ ಸಾಲುಗಳವರೆಗೂ ಬಿಚ್ಚುತ್ತದೆ. ಕೊಕ್ಕೆಯ ಮೇಲೆ ಸಾಲಿನ ಕೊನೆಗೆ ಉಳಿಯುವುದು ಒಂದೇ ಕುಣಿಕೆ. ತಪ್ಪಿದ ಜಾಗದವರೆಗೆ ಎಳೆದು ಬಿಚ್ಚಿ ಮತ್ತೆ ಹಾಕಬಹುದು. ನಮ್ಮ ಬಿಸಿಲಿಗೆ ಬೆವರುವ ಕೈಗೆ ಉಲ್ಲನ್‌ಗಿಂತ ದಪ್ಪ ಹತ್ತಿ ದಾರ ಹಿತ. ಮೊದಲ ವಾರ ಬರೀ ಸರಪಳಿ, ಎಲ್ಲ ಕುಣಿಕೆ ಒಂದೇ ಅಳತೆಗೆ ಬರುವವರೆಗೆ. ನಂತರ ಚೌಕ, ಆಮೇಲೆ ಸುತ್ತು. ಸುತ್ತು ಚಪ್ಪಟೆಯಾಗಿ ಬರಬೇಕಾದರೆ ಪ್ರತಿ ಸಾಲಿನಲ್ಲಿ ಸಮನಾದ ಸಂಖ್ಯೆಯ ಕುಣಿಕೆ ಹೆಚ್ಚಿಸಬೇಕು, ಹೆಚ್ಚಿಸುವುದು ನಿಲ್ಲಿಸಿದರೆ ಅಂಚು ಕೆಳಗೆ ಬಾಗಿ ಟೋಪಿಯಾಗುತ್ತದೆ. ಜಾಕಿರ್ ಸಾಹೇಬರು ಹೇಳಿದ ಗಣಿತ ಇದೇ. ಇನ್ನೊಂದು ಮಾತು: ಹೆಣಿಗೆಗೆ ಯಂತ್ರ ಬಂದು ನಾಲ್ಕು ಶತಮಾನವಾದರೂ ನಿಜವಾದ ಕ್ರೋಶಿಯಾ ಇಂದಿಗೂ ಕೈಯಿಂದಲೇ ಆಗಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಿಯಾ ಚೀಲದ ಹಿಂದೆಯೂ ಯಾರದೋ ಬೆರಳುಗಳಿವೆ.

ಆದ್ದರಿಂದ ಕಲಿಸುವಾಗ ಕುಣಿಕೆಯ ಜೊತೆ ತಾಸನ್ನೂ ನೋಟುಬುಕ್ಕಿನಲ್ಲಿ ಬರೆಯಿಸುತ್ತೇನೆ. ದಾರದ ಬೆಲೆ ಎಷ್ಟು, ಎಷ್ಟು ತಾಸು ಕೂತೆ, ಎಷ್ಟಕ್ಕೆ ಮಾರಿದೆ. ತಿಕೋಟಾ ಕಡೆಯ ಒಬ್ಬ ಹುಡುಗಿ ತನ್ನ ಮೊದಲ ಟೋಪಿಯ ಲೆಕ್ಕ ಹಾಕಿ, "ಟೀಚರ್, ದ್ರಾಕ್ಷಿ ಪಡದಾಗಿನ ಪಗಾರನ ಇದಕ್ಕಿಂತ ಜಾಸ್ತಿ ಐತ್ರಿ" ಎಂದಳು. ಎರಡನೆಯ ಟೋಪಿಗೆ ಬೆಲೆ ಹೇಳುವಾಗ ಅವಳು ದಾರದ ಜೊತೆ ತಾಸನ್ನೂ ಸೇರಿಸಿದಳು.