ಹುಟ್ಟಿದ ದೇಶ, ಅರ್ಜಿಯ ತಾರೀಖು: ಗ್ರೀನ್ ಕಾರ್ಡ್ ಸರದಿ ಬೆಳೆದ ಬಗೆ

1920ರ ದಶಕದ ಮೊದಲ ವರ್ಷಗಳಲ್ಲಿ ತಿಂಗಳ ಕೊನೆಯ ರಾತ್ರಿ ಬಂತೆಂದರೆ ನ್ಯೂಯಾರ್ಕ್ ಬಂದರಿನ ಹೊರಗೆ ಹಡಗುಗಳು ಜಮಾಯಿಸುತ್ತಿದ್ದವು. ಗಡಿಯಾರ ಹನ್ನೆರಡು ದಾಟಿದ್ದೇ ತಡ, ನಾ ಮುಂದು ತಾ ಮುಂದು ಎಂದು ಒಳಗೆ ನುಗ್ಗುತ್ತಿದ್ದವು. ಕಾರಣ 1921ರ ಕಾನೂನು. ಒಂದೊಂದು ದೇಶದಿಂದ ವರ್ಷಕ್ಕೆ ಇಷ್ಟೇ ವಲಸಿಗರು ಎಂದು ಅದು ಮಿತಿ ಹಾಕಿತ್ತು. ಆ ಮಿತಿಯ ಶೇ 20ಕ್ಕಿಂತ ಹೆಚ್ಚು ಜನರನ್ನು ಒಂದೇ ತಿಂಗಳಲ್ಲಿ ಸೇರಿಸಿಕೊಳ್ಳುವಂತಿರಲಿಲ್ಲ. ಮೊದಲು ಗೆರೆ ದಾಟಿದ ಹಡಗಿನವರಿಗೆ ಜಾಗ ಸಿಕ್ಕಿತು. ತಡವಾದವರಿಗೆ ಬಂದ ದಾರಿಗೆ ಸುಂಕವಿಲ್ಲ.

1924ರ ಕಾನೂನು ಈ ಓಟವನ್ನು ನಿಲ್ಲಿಸಿತು. ಕೋಟಾ ಹಾಗೇ ಉಳಿಯಿತು, ಸರದಿ ನಿಲ್ಲುವ ಜಾಗ ಬದಲಾಯಿತು. ಹಡಗು ಹತ್ತುವ ಮೊದಲೇ ತಮ್ಮ ದೇಶದಲ್ಲಿರುವ ಅಮೆರಿಕದ ಕಾನ್ಸುಲೇಟಿನಿಂದ ವೀಸಾ ಪಡೆದಿರಬೇಕು ಎಂದಾಯಿತು. ಅಲ್ಲಿಂದ ಮುಂದೆ ಕಾಯುವವರು ಬಂದರಿನಲ್ಲಿ ಕಾಣಿಸಲಿಲ್ಲ, ಯುರೋಪಿನ ಕಚೇರಿಗಳ ಕಡತಗಳೊಳಗೆ ಸೇರಿಹೋದರು. ವಲಸೆ ಕಾನೂನಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ತಿರುವು ಇದು. ಬಾಗಿಲಿಗೆ ಬಂದವನಿಗೆ ‘ಇಲ್ಲ’ ಎನ್ನಬೇಕಾದರೆ ಯಾರಾದರೂ ಅವನ ಮುಖ ನೋಡಬೇಕು. ದೂರದಲ್ಲಿ ಕಾಯುವವನಿಗೆ ‘ಆಮೇಲೆ’ ಎಂದರೆ ಸಾಕು. ಅಲ್ಲಿಂದ ಇಲ್ಲಿಯವರೆಗೆ ಅಮೆರಿಕದ ಸಂಸತ್ತು ಆ ‘ಆಮೇಲೆ’ಯನ್ನು ಬಗೆಬಗೆಯಾಗಿ ಬಳಸಿಕೊಂಡು ಬಂದಿದೆ.

ಮೊದಲ ಕೋಟಾಗಳ ಲೆಕ್ಕಾಚಾರದಲ್ಲೇ ಉದ್ದೇಶ ಬಯಲಾಗಿತ್ತು. 1921ರಲ್ಲಿ ಮಿತಿಯನ್ನು 1910ರ ಜನಗಣತಿಯಲ್ಲಿದ್ದ ಆಯಾ ದೇಶದವರ ಶೇ 3 ಎಂದು ಗೊತ್ತುಮಾಡಿದ್ದರು. 1924ರಲ್ಲಿ ಅದನ್ನು ಶೇ 2ಕ್ಕೆ ಇಳಿಸಿದ್ದಲ್ಲದೆ ಆಧಾರವನ್ನೂ 1890ರ ಹಳೆಯ ಗಣತಿಗೆ ಒಯ್ದರು. ಇಟಲಿಯವರು, ಪೋಲೆಂಡಿನವರು, ಪೂರ್ವ ಯುರೋಪಿನ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಗಣತಿಯ ವರ್ಷ ಬದಲಿಸಿದರೆ ಸಾಕಿತ್ತು, ಯಾರ ಹೆಸರನ್ನೂ ಹಿಡಿದು ಬೈಯಬೇಕಿರಲಿಲ್ಲ. 1929ರಿಂದ ಒಟ್ಟು ಮಿತಿ ಸುಮಾರು ಒಂದೂವರೆ ಲಕ್ಷಕ್ಕೆ ನಿಂತಾಗ ಬ್ರಿಟನ್ನಿಗೆ 65,721 ಜಾಗ, ಇಟಲಿಗೆ 5,802. ಬ್ರಿಟನ್ನಿನ ಜಾಗಗಳು ವರ್ಷವರ್ಷವೂ ಖಾಲಿ ಉಳಿದವು. ಉಳಿದದ್ದನ್ನು ಇನ್ನೊಂದು ದೇಶಕ್ಕೆ ಕೊಡಲು ಕಾನೂನಿನಲ್ಲಿ ಅವಕಾಶವಿರಲಿಲ್ಲ.

ಸರದಿ ಎಷ್ಟು ಕ್ರೂರವಾಗಬಹುದು ಎಂಬುದು 1939ರಲ್ಲಿ ಕಂಡಿತು. ಆಸ್ಟ್ರಿಯಾವನ್ನೂ ಸೇರಿಸಿ ಜರ್ಮನಿಯ ವಾರ್ಷಿಕ ಕೋಟಾ 27,370 ಇತ್ತು. ಕಾಯುವವರ ಪಟ್ಟಿ ಮೂರು ಲಕ್ಷ ದಾಟಿತ್ತು. ಆ ಮೇ ತಿಂಗಳಲ್ಲಿ ಹ್ಯಾಂಬರ್ಗಿನಿಂದ ಹೊರಟ ಸೇಂಟ್ ಲೂಯಿಸ್ ಹಡಗಿನಲ್ಲಿದ್ದ 937 ಜನರಲ್ಲಿ ಹೆಚ್ಚಿನವರು ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿ, ತಮ್ಮ ಸರದಿ ಬರುವವರೆಗೆ ಕ್ಯೂಬಾದಲ್ಲಿ ಇರೋಣ ಎಂದುಕೊಂಡಿದ್ದ ಯಹೂದಿಗಳು. ಕ್ಯೂಬಾ ಬೆರಳೆಣಿಕೆಯ ಜನರನ್ನು ಬಿಟ್ಟು ಉಳಿದವರನ್ನು ಇಳಿಸಿಕೊಳ್ಳಲಿಲ್ಲ. ಅಮೆರಿಕವೂ ಸೇರಿಸಲಿಲ್ಲ, ಪಟ್ಟಿಯಲ್ಲಿ ಅವರಿಗಿಂತ ಮುಂದೆ ಬೇರೆಯವರಿದ್ದಾರೆ ಎಂಬ ಮಾತು ಆ ನಿರಾಕರಣೆಗೆ ಒದಗಿಬಂತು. ಯುರೋಪಿಗೆ ಮರಳಿದವರಲ್ಲಿ 254 ಮಂದಿ ನಾಜಿಗಳ ಕಾಲದಲ್ಲಿ ಸತ್ತರು.

ಭಾರತೀಯರ ಮಟ್ಟಿಗೆ ಆಗ ಸರದಿ ಎಂಬುದೇ ಇರಲಿಲ್ಲ. 1917ರ ಕಾನೂನು ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯ ಮಾಡಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಭಾರತೀಯರು ಪೌರತ್ವಕ್ಕೆ ಅರ್ಹರಾದ ‘ಬಿಳಿಯರು’ ಅಲ್ಲ ಎಂದು ತೀರ್ಪು ಕೊಟ್ಟಿತು. 1924ರ ಪಟ್ಟಿಯಲ್ಲಿ ಭಾರತದ ಹೆಸರಿನ ಮುಂದೆ 100 ಎಂಬ ಸಂಖ್ಯೆ ಇತ್ತು. ಪೌರತ್ವಕ್ಕೆ ಅರ್ಹರಾದವರು ಮಾತ್ರ ಅದನ್ನು ಬಳಸಬಹುದಿತ್ತು, ಎಂದರೆ ಭಾರತದಲ್ಲಿ ಹುಟ್ಟಿದ ಬಿಳಿಯರು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಲೂಸ್-ಸೆಲ್ಲರ್ ಕಾಯ್ದೆ ಆ ನೂರನ್ನು ನಿಜವಾದ ಭಾರತೀಯರಿಗೆ ತೆರೆಯಿತು. ನಲವತ್ತು ಕೋಟಿ ಜನರಿಗೆ ವರ್ಷಕ್ಕೆ ನೂರು ವೀಸಾ! ಆದರೂ ಜೊತೆಗೆ ಬಂದ ಪೌರತ್ವದ ಹಕ್ಕು ಸಣ್ಣದಲ್ಲ. ದಲೀಪ್ ಸಿಂಗ್ ಸೌಂದ್ 1949ರಲ್ಲಿ ಅಮೆರಿಕದ ಪ್ರಜೆಯಾಗಿ, 1956ರಲ್ಲಿ ಅಲ್ಲಿನ ಸಂಸತ್ತಿಗೇ ಗೆದ್ದುಬಂದರು.

1965ರ ಹಾರ್ಟ್-ಸೆಲ್ಲರ್ ಕಾಯ್ದೆ ಮೂಲದೇಶದ ಕೋಟಾಗಳನ್ನು ಕಿತ್ತುಹಾಕಿತು. ಆ ವರ್ಷದ ಅಕ್ಟೋಬರ್ 3ರಂದು ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಸಹಿ ಮಾಡಿದ ಅಧ್ಯಕ್ಷ ಜಾನ್ಸನ್, ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ ಎಂದೇ ಹೇಳಿದರು. ಪೂರ್ವಾರ್ಧಗೋಳಕ್ಕೆ ವರ್ಷಕ್ಕೆ 1,70,000 ವೀಸಾ. ಅದರಲ್ಲಿ ಯಾವ ದೇಶಕ್ಕೂ 20,000ಕ್ಕಿಂತ ಹೆಚ್ಚಿಲ್ಲ. ಬ್ರಿಟನ್ನಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಬಂಧುಗಳಿಗೆ ಆದ್ಯತೆ ಕೊಟ್ಟರೆ ಈಗಾಗಲೇ ಇರುವ ಯುರೋಪಿನವರ ನೆಂಟರೇ ಬರುತ್ತಾರೆ ಎಂದು ಕೆಲವು ಸಂಸದರು ಎಣಿಸಿದ್ದರು. ಎಣಿಕೆ ತಲೆಕೆಳಗಾಯಿತು. ಯುರೋಪಿನವರಿಗೆ ಬರುವ ಅವಸರ ಉಳಿದಿರಲಿಲ್ಲ. ಏಷ್ಯಾದ ಡಾಕ್ಟರು, ಎಂಜಿನಿಯರುಗಳು ವೃತ್ತಿಪರರ ವಿಭಾಗದಲ್ಲಿ ಬಂದು ನೆಲೆಯೂರಿ, ಆಮೇಲೆ ತಮ್ಮವರನ್ನು ಕರೆಸಿಕೊಂಡರು. ಕರ್ನಾಟಕದ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಆ ಕಾಲಕ್ಕೆ ಹೋದವರು ಇಂದು ಅಲ್ಲಿನ ಕನ್ನಡ ಕೂಟಗಳ ಅಜ್ಜ ಅಜ್ಜಿಯರು. ಗ್ರೀನ್ ಕಾರ್ಡಿಗಾಗಿ, ಎಂದರೆ ಕಾಯಂ ವಾಸದ ಹಕ್ಕಿಗಾಗಿ, ದಶಕಗಟ್ಟಲೆ ಕಾಯುವ ಕಥೆ ಅವರ ಅನುಭವದಲ್ಲಿಲ್ಲ.

ಈಗಿನ ವ್ಯವಸ್ಥೆಯ ಎಲುಬಿನ ಗೂಡು 1990ರ ಕಾನೂನು. ವರ್ಷಕ್ಕೆ ಉದ್ಯೋಗದ ಮೇಲೆ 1,40,000, ಕುಟುಂಬದ ವಿಭಾಗಗಳಿಗೆ ಕನಿಷ್ಠ 2,26,000. ಕಡಿಮೆ ವಲಸಿಗರಿರುವ ದೇಶಗಳಿಗಾಗಿ 55,000 ವೀಸಾಗಳ ಲಾಟರಿ ಬೇರೆ. ಭಾರತೀಯರಿಗೆ ಅದರಲ್ಲಿ ಪ್ರವೇಶವಿಲ್ಲ. ಕುಟುಂಬ ಮತ್ತು ಉದ್ಯೋಗದ ಒಟ್ಟು ವೀಸಾಗಳಲ್ಲಿ ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚಿಲ್ಲ. ಉದ್ಯೋಗದ 1,40,000ರಲ್ಲಿ ಹೆಂಡತಿ, ಗಂಡ, ಮಕ್ಕಳೂ ಸೇರಿದ್ದಾರೆ ಎಂಬುದನ್ನು ಹೊರಗಿನವರು ಗಮನಿಸುವುದಿಲ್ಲ. ಒಬ್ಬ ಎಂಜಿನಿಯರ್ ಇಬ್ಬರು ಮಕ್ಕಳೊಂದಿಗೆ ಬಂದರೆ ನಾಲ್ಕು ಸಂಖ್ಯೆ ಖರ್ಚು. ಉನ್ನತ ಪದವಿಯವರ ಇಬಿ-2 ವಿಭಾಗಕ್ಕೆ ಸಿಗುವುದು ಸುಮಾರು 40,000; ಅದರ ಶೇ 7 ಎಂದರೆ 2,800ರ ಆಸುಪಾಸು. ಐಸ್‌ಲ್ಯಾಂಡಿಗೂ ಮೇಲ್ಮಿತಿ ಅದೇ, ಭಾರತಕ್ಕೂ ಅದೇ. ಬೇರೆ ದೇಶಗಳು ಬಿಟ್ಟ ಸಂಖ್ಯೆಗಳು ಎಲ್ಲರಿಗಿಂತ ಹಳೆಯ ಅರ್ಜಿದಾರರಿಗೆ ಹರಿಯುವುದರಿಂದ ಕೆಲವು ವರ್ಷ ಭಾರತಕ್ಕೆ ಹೆಚ್ಚು ಸಿಕ್ಕಿದೆ. ಆದರೆ ಅದು ಉಳಿದದ್ದರ ಪಾಲು, ಹಕ್ಕಿನ ಪಾಲಲ್ಲ.

ಇದೇ ಕಾನೂನು ತಾತ್ಕಾಲಿಕ ಕೆಲಸಗಾರರಿಗಾಗಿ ಎಚ್-1ಬಿ ವೀಸಾವನ್ನೂ ಹುಟ್ಟುಹಾಕಿತು. ವರ್ಷಕ್ಕೆ 65,000 ಎಂದು ಶುರುವಾದದ್ದು ಕಂಪ್ಯೂಟರ್ ಕಂಪನಿಗಳ ಒತ್ತಾಯಕ್ಕೆ ಏರುತ್ತ ಏರುತ್ತ 2001ರಿಂದ 2003ರವರೆಗೆ 1,95,000ಕ್ಕೆ ಮುಟ್ಟಿತು. ಬೆಂಗಳೂರಿನ ಒಂದು ಇಡೀ ತಲೆಮಾರು ವಿಮಾನ ಹತ್ತಿದ್ದು ಆಗ. ಎಚ್-1ಬಿಯಲ್ಲಿ ದೇಶವಾರು ಮಿತಿ ಇಲ್ಲ. ಗ್ರೀನ್ ಕಾರ್ಡಿನಲ್ಲಿ ಇದೆ. ಕೆರೆಗೆ ನೀರು ತರುವ ಕಾಲುವೆಯನ್ನು ಅಗಲ ಮಾಡಿ ತೂಬನ್ನು ಇದ್ದಂತೆಯೇ ಬಿಟ್ಟರೆ ಏನಾಗಬೇಕೋ ಅದೇ ಆಯಿತು.

ಸರದಿಯಲ್ಲಿ ಒಬ್ಬರ ಸ್ಥಾನವನ್ನು ಗೊತ್ತುಮಾಡುವುದು ಎರಡು ಸಂಗತಿ. ಒಂದು ‘ಪ್ರಯಾರಿಟಿ ಡೇಟ್’: ಉದ್ಯೋಗದವರಿಗೆ ಸಾಮಾನ್ಯವಾಗಿ ಕಂಪನಿ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ ದಿನ, ಕುಟುಂಬದವರಿಗೆ ಬಂಧು ಅರ್ಜಿ ಸಲ್ಲಿಸಿದ ದಿನ. ಇನ್ನೊಂದು ಹುಟ್ಟಿದ ದೇಶ. ಪೌರತ್ವ ಯಾವುದಾದರೂ ಇರಲಿ, ಪಾಸ್‌ಪೋರ್ಟಿನ ಬಣ್ಣಕ್ಕೆ ಇಲ್ಲಿ ಬೆಲೆಯಿಲ್ಲ. ಅಪ್ಪ ಕುವೈತಿನಲ್ಲೋ ಬಹರೇನಿನಲ್ಲೋ ಕೆಲಸದಲ್ಲಿದ್ದಾಗ ಅಲ್ಲೇ ಹುಟ್ಟಿದ ಮಂಗಳೂರಿನ ಹುಡುಗ ಭಾರತದ ಸಾಲಿನಲ್ಲಿ ನಿಲ್ಲಬೇಕಿಲ್ಲ. ಊರಿನ ಆಸ್ಪತ್ರೆಯಲ್ಲಿ ಹುಟ್ಟಿದ ಅವನ ತಮ್ಮ ನಿಲ್ಲಬೇಕು. ಗಂಡ ಹೆಂಡಿರಲ್ಲಿ ಒಬ್ಬರು ಹುಟ್ಟಿದ ದೇಶವನ್ನು ಇನ್ನೊಬ್ಬರು ಬಳಸಿಕೊಳ್ಳಲೂ ಅವಕಾಶವಿದೆ. (ವಧೂವರರ ಜಾಹೀರಾತುಗಳಲ್ಲಿ ಜನ್ಮನಕ್ಷತ್ರದ ಪಕ್ಕ ಜನ್ಮದೇಶವನ್ನೂ ಅಚ್ಚು ಹಾಕಿಸುವುದು ಲಾಭದಾಯಕ.) ಹುಟ್ಟಿದ ನೆಲದ ಮೇಲಿನ ಭೇದವನ್ನು ತೊಡೆಯಲು 1965ರಲ್ಲಿ ಬರೆದ ಸಮಾನತೆಯ ನಿಯಮ, ಅರ್ಧ ಶತಮಾನದ ಬಳಿಕ ಹುಟ್ಟಿದ ನೆಲವನ್ನೇ ಎಲ್ಲಕ್ಕಿಂತ ದೊಡ್ಡ ಸಂಗತಿ ಮಾಡಿತು.

ಪ್ರತಿ ತಿಂಗಳೂ ವಿದೇಶಾಂಗ ಇಲಾಖೆ ‘ವೀಸಾ ಬುಲೆಟಿನ್’ ಹೊರಡಿಸುತ್ತದೆ. ಯಾವ ವಿಭಾಗದಲ್ಲಿ, ಯಾವ ದೇಶದವರಿಗೆ, ಯಾವ ತಾರೀಖಿನವರೆಗೆ ಸರದಿ ಬಂದಿದೆ ಎಂಬ ಕೋಷ್ಟಕ ಅದು. ನಿಮ್ಮ ತಾರೀಖು ಅದಕ್ಕಿಂತ ಹಿಂದಿನದಾದರೆ ‘ಡೇಟ್ ಕರೆಂಟ್ ಆಯ್ತು’ ಎಂದು ಸಿಹಿ ಹಂಚಬಹುದು. ತೊಂದರೆ ಏನೆಂದರೆ ತಾರೀಖು ಮುಂದೆ ಮಾತ್ರ ಹೋಗುತ್ತದೆ ಎಂಬ ಭರವಸೆಯಿಲ್ಲ. ಬೇಡಿಕೆಯನ್ನು ಅಂದಾಜು ಮಾಡಿ ಹಾಕಿದ ಗೆರೆ ಅದು. ಅಂದಾಜು ತಪ್ಪಿದರೆ ಗೆರೆ ಹಿಂದಕ್ಕೆ ಸರಿಯುತ್ತದೆ.

2007ರ ಜುಲೈಯಲ್ಲಿ ಈ ಯಂತ್ರದ ಒಳಗು ಎಲ್ಲರಿಗೂ ಕಂಡಿತು. ಆ ತಿಂಗಳ ಬುಲೆಟಿನ್ ಉದ್ಯೋಗದ ಹೆಚ್ಚುಕಡಿಮೆ ಎಲ್ಲ ವಿಭಾಗಗಳೂ ಕರೆಂಟ್ ಎಂದು ಸಾರಿತ್ತು. ಸಾವಿರಾರು ಜನ ರಜೆ ಹಾಕಿ, ವೈದ್ಯಕೀಯ ಪರೀಕ್ಷೆ ಮಾಡಿಸಿ, ಊರಿಗೆ ಹೋಗಿದ್ದ ಹೆಂಡತಿಯನ್ನು ತುರ್ತಾಗಿ ಕರೆಸಿಕೊಂಡು ಕಾಗದ ಹೊಂದಿಸಿದರು. ಜುಲೈ 2ರಂದು ಪ್ರಕಟಣೆ ಬಂತು: ಈ ವರ್ಷದ ಸಂಖ್ಯೆಗಳೆಲ್ಲ ಮುಗಿದಿವೆ, ಅರ್ಜಿ ಹಾಕಬೇಡಿ. ವಲಸೆ ಇಲಾಖೆ ಜೂನ್ ಕೊನೆಯ ದಿನಗಳಲ್ಲಿ ಬಾಕಿ ಕಡತಗಳನ್ನು ಭರದಿಂದ ವಿಲೇವಾರಿ ಮಾಡಿ ಸಂಖ್ಯೆಗಳನ್ನು ಖಾಲಿ ಮಾಡಿತ್ತು. ಹಿಂದಿನ ವರ್ಷ ತೆರೆಕಂಡಿದ್ದ ‘ಲಗೇ ರಹೋ ಮುನ್ನಾಭಾಯಿ’ ಚಿತ್ರದ ಗಾಂಧಿಗಿರಿ, ಎದುರಾಳಿಗೆ ಹೂ ಕೊಟ್ಟು ಪ್ರತಿಭಟಿಸುವ ಬಗೆ, ಭಾರತೀಯರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು. ಅವರು ಇಲಾಖೆಯ ಮುಖ್ಯಸ್ಥ ಎಮಿಲಿಯೊ ಗೊನ್ಸಾಲೆಸ್ ಅವರಿಗೆ ಹೂಗುಚ್ಛಗಳನ್ನು ಕಳಿಸತೊಡಗಿದರು. ರಾಶಿ ಬಿದ್ದ ಹೂಗಳನ್ನು ಅವರು ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಗೆ ಕಳಿಸಿದರು. ಜುಲೈ 17ಕ್ಕೆ ಸರ್ಕಾರ ಮಣಿಯಿತು. ಆಗಸ್ಟ್ 17ರವರೆಗೆ ಅರ್ಜಿ ತೆಗೆದುಕೊಳ್ಳುವುದಾಗಿ ಹೇಳಿತು. ವೀಸಾ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಅರ್ಜಿ ಸೇರಿದವರಿಗೆ ಕೆಲಸ ಬದಲಿಸುವ, ಹೆಂಡತಿ ದುಡಿಯಲು ಅನುಮತಿ ಪಡೆಯುವ ಅನುಕೂಲ ಸಿಕ್ಕಿತು, ಅಷ್ಟು ಮಟ್ಟಿಗೆ ಅದು ದೊಡ್ಡ ಗೆಲುವೇ.

ಇನ್ನೊಂದು ವಿಚಿತ್ರ ಕೋವಿಡ್ ಕಾಲದ್ದು. 2020ರಲ್ಲಿ ರಾಯಭಾರ ಕಚೇರಿಗಳು ಮುಚ್ಚಿ, ಆ ವರ್ಷವೂ ಮರುವರ್ಷವೂ ಕುಟುಂಬದ ವೀಸಾಗಳು ದೊಡ್ಡ ಪ್ರಮಾಣದಲ್ಲಿ ಉಳಿದವು. ನಿಯಮದಂತೆ ಅವು ಆಯಾ ಮುಂದಿನ ವರ್ಷ ಉದ್ಯೋಗದ ಖಾತೆಗೆ ಬಿದ್ದು, 2021ರ ಮಿತಿ 2,62,288ಕ್ಕೂ 2022ರದು 2,81,507ಕ್ಕೂ ಏರಿತು. ಸೆಪ್ಟೆಂಬರ್ 30ಕ್ಕೆ ಮುಗಿಯುವ ಲೆಕ್ಕಪತ್ರ ವರ್ಷದೊಳಗೆ ಕೊಡಲಾಗದ ಸಂಖ್ಯೆ ಹಾಗೇ ಸತ್ತುಹೋಗುತ್ತದೆ. 2021ರಲ್ಲಿ ಹೀಗೆ ಅರವತ್ತು ಸಾವಿರಕ್ಕೂ ಹೆಚ್ಚು ವೀಸಾಗಳು ಹಾಳಾದವು, ಹೊರಗೆ ಲಕ್ಷಾಂತರ ಜನ ಕಾಯುತ್ತಿದ್ದಾಗಲೇ. ಮರುವರ್ಷ ಇಲಾಖೆ ಓಡೋಡಿ ಕೆಲಸ ಮಾಡಿತು. ಭಾರತದ ಇಬಿ-2 ತಾರೀಖು 2014ರ ಡಿಸೆಂಬರ್ 1ಕ್ಕೆ ಬಂದು ನಿಂತಿತು. 2022ರ ಅಕ್ಟೋಬರ್ ಬುಲೆಟಿನ್ ಅದನ್ನು 2012ರ ಏಪ್ರಿಲ್‌ಗೆ, 2023ರ ಏಪ್ರಿಲ್ ಬುಲೆಟಿನ್ 2011ರ ಜನವರಿಗೆ ದಬ್ಬಿತು. 2025ರ ನಡುವಿನಲ್ಲಿ ಅದು ಇದ್ದದ್ದು 2013ರ ಜನವರಿಯಲ್ಲಿ. ವಾಷಿಂಗ್ಟನ್ನಿನ ಕೇಟೋ ಇನ್‌ಸ್ಟಿಟ್ಯೂಟ್ 2023ರಲ್ಲಿ ಹಾಕಿದ ಲೆಕ್ಕದಂತೆ ಉದ್ಯೋಗದ ಸರದಿಯಲ್ಲಿ 18 ಲಕ್ಷ ಜನರಿದ್ದರು, ಅವರಲ್ಲಿ 11 ಲಕ್ಷ ಭಾರತೀಯರು. ಹೊಸದಾಗಿ ಸೇರುವ ಭಾರತೀಯರ ಕಾಯುವಿಕೆ 134 ವರ್ಷ. 134 ವರ್ಷದ ಸರದಿಯನ್ನು ಸರದಿ ಎಂದು ಕರೆಯುವುದು ಆಡಳಿತದ ಸೌಜನ್ಯ ಮಾತ್ರ.

ಕುಟುಂಬದ ಸಾಲು ಇಷ್ಟು ಸುದ್ದಿಯಾಗುವುದಿಲ್ಲ. ಅಮೆರಿಕದ ಪ್ರಜೆಗಳ ಗಂಡ ಹೆಂಡಿರು, ಮದುವೆಯಾಗದ 21 ವರ್ಷದೊಳಗಿನ ಮಕ್ಕಳು, ತಂದೆತಾಯಿ, ಇವರಿಗೆ ಕೋಟಾ ಇಲ್ಲ. ಅಣ್ಣತಮ್ಮ ಅಕ್ಕತಂಗಿಯರಿಗೆ ಇಡೀ ಜಗತ್ತಿಗೆ ಸೇರಿ 65,000. 2025ರಲ್ಲಿ ಈ ವಿಭಾಗದ ಭಾರತೀಯರಲ್ಲಿ ಸರದಿ ಬಂದದ್ದು 2006ರಲ್ಲಿ ಅರ್ಜಿ ಹಾಕಿದ್ದವರಿಗೆ. ಮೆಕ್ಸಿಕೊದವರದು ಇನ್ನೂ ಹಳೆಯದು. ಹೀಗಾಗಿ ಮೈಸೂರಿನ ಅಮ್ಮನನ್ನು ಮಗಳು ಒಂದೆರಡು ವರ್ಷದಲ್ಲಿ ಕರೆಸಿಕೊಳ್ಳಬಹುದು, ತಮ್ಮನ ಹೆಸರಿಗೆ ಅರ್ಜಿ ಹಾಕಿದರೆ ಅವನು ನಿವೃತ್ತಿಯ ಹೊತ್ತಿಗೆ ಸಂದರ್ಶನಕ್ಕೆ ಮುಂಬೈಗೆ ಹೋಗುತ್ತಾನೆ.

ಉದ್ಯೋಗದ ಸಾಲಿನವರು ಕಾಯುವುದು ಅಮೆರಿಕದಲ್ಲೇ, ಮನೆ ಕೊಂಡು, ತೆರಿಗೆ ಕಟ್ಟಿಕೊಂಡು. ಎಚ್-1ಬಿಯ ಆರು ವರ್ಷದ ಗಡುವನ್ನು ಸರದಿಯಲ್ಲಿರುವವರಿಗೆ ವಿಸ್ತರಿಸಲು 2000ದ ಕಾನೂನು ದಾರಿ ಮಾಡಿತು; 2015ರಿಂದ ಅಂಥವರ ಹೆಂಡತಿ ಅಥವಾ ಗಂಡನಿಗೂ ದುಡಿಯುವ ಅನುಮತಿ ಬಂತು. ಇವೆಲ್ಲ ಕಾಯುವುದನ್ನು ಸಹನೀಯ ಮಾಡಿದವು, ಕಡಿಮೆ ಮಾಡಲಿಲ್ಲ. ಮಕ್ಕಳ ವಿಷಯದಲ್ಲಿ ಸಹನೀಯವೂ ಆಗಲಿಲ್ಲ. ಎರಡು ವರ್ಷದವಳಿದ್ದಾಗ ಬಂದ ಮಗಳಿಗೆ 21 ತುಂಬಿದರೆ ಅವಳು ಅಪ್ಪನ ಅರ್ಜಿಯಿಂದ ಹೊರಗೆ. 2002ರ ಕಾನೂನು ವಯಸ್ಸಿನ ಲೆಕ್ಕದಲ್ಲಿ ಕೆಲವು ತಿಂಗಳ ವಿನಾಯಿತಿ ಕೊಡುತ್ತದೆ. ಹದಿನೈದು ವರ್ಷದ ಸರದಿಗೆ ಅದು ಎಲ್ಲಿಗೆ ಸಾಲಬೇಕು? ಅವಳು ವಿದೇಶಿ ವಿದ್ಯಾರ್ಥಿಯ ವೀಸಾ ಪಡೆದು, ಮುಂದೆ ಕೆಲಸ ಸಿಕ್ಕರೆ ಭಾರತದ ಸಾಲಿನಲ್ಲೇ ಹೊಸ ತಾರೀಖಿನೊಂದಿಗೆ ನಿಲ್ಲಬೇಕು.

ಸರದಿಯನ್ನೇ ಅಳಿಸಿಹಾಕಿದ ದೇಶವೂ ಇದೆ. ಕೆನಡಾ 2012ರಲ್ಲಿ ಕಾನೂನು ಮಾಡಿ, 2008ರ ಫೆಬ್ರುವರಿಗಿಂತ ಹಿಂದಿನ ಸುಮಾರು 2,80,000 ಜನರ ಅರ್ಜಿಗಳನ್ನು ರದ್ದುಪಡಿಸಿ ಶುಲ್ಕ ಹಿಂತಿರುಗಿಸಿತು. 2015ರಿಂದ ಅಲ್ಲಿ ಅಂಕಗಳ ಲೆಕ್ಕ. ಮೊದಲು ಬಂದವರಿಗೆ ಮೊದಲು ಎಂಬ ಮಾತಿಲ್ಲ. ನಿರ್ದಯವಾದರೂ ಅದು ಮುಖದ ಮೇಲೆ ಹೇಳಿದ ‘ಇಲ್ಲ’.

ಅಮೆರಿಕದ ವಾದವೆಲ್ಲ ಶೇ 7ರ ಸುತ್ತ ನಡೆಯಿತು. 2017ರ ಫೆಬ್ರುವರಿಯಲ್ಲಿ ಕನ್ಸಾಸ್‌ನಲ್ಲಿ ಎಂಜಿನಿಯರ್ ಶ್ರೀನಿವಾಸ ಕುಚಿಭೋಟ್ಲ ಗುಂಡಿಗೆ ಬಲಿಯಾದಾಗ, ಅವರನ್ನು ಅವಲಂಬಿಸಿದ್ದ ಪತ್ನಿಯ ವಾಸದ ಹಕ್ಕೂ ಅವರೊಂದಿಗೆ ಹೋಯಿತೆಂಬುದು ಅಲ್ಲಿನ ಜನಪ್ರತಿನಿಧಿಗಳ ಗಮನಕ್ಕೆ ಬಂತು. ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈಯಲ್ಲಿ ಕೆಳಮನೆಯಲ್ಲಿ 365-65 ಮತಗಳಿಂದ ಗೆದ್ದಿತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ತನ್ನದೇ ರೂಪವನ್ನು ಅಂಗೀಕರಿಸಿತು. ಎರಡೂ ಒಂದಾಗುವ ಮೊದಲೇ ಅವಧಿ ಮುಗಿಯಿತು. ವಿರೋಧಿಸಿದವರ ವಾದವನ್ನು ತಳ್ಳಿಹಾಕುವಂತಿಲ್ಲ: ಮಿತಿ ತೆಗೆದರೆ ಹಲವು ವರ್ಷ ಹೆಚ್ಚಿನ ವೀಸಾಗಳು ಭಾರತ, ಚೀನಾಗಳ ಹಳೆಯ ಅರ್ಜಿಗಳಿಗೇ ಹೋಗಿ, ಫಿಲಿಪ್ಪೀನ್ಸಿನ ನರ್ಸು, ಇರಾನಿನ ವಿಜ್ಞಾನಿ ಕಾಯಬೇಕಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಈಗಲ್ ಕಾಯ್ದೆ ಎಂಬ ಹೆಸರಿನಲ್ಲಿ ಮತ್ತೆ ಬಂದ ಮಸೂದೆ, ಮಿತಿಯನ್ನು ಒಂಬತ್ತು ವರ್ಷಗಳಲ್ಲಿ ಹಂತಹಂತವಾಗಿ ತೆಗೆಯುವ ಮಾತಾಡಿತು. ಅದನ್ನು ಮತಕ್ಕೆ ಹಾಕದೆಯೇ ಹಿಂದಕ್ಕೆ ತೆಗೆದುಕೊಂಡರು. 1990ರ 1,40,000ವನ್ನು ಹೆಚ್ಚಿಸುವ ಪ್ರಸ್ತಾಪ ಅದರಲ್ಲೂ ಇರಲಿಲ್ಲ.