ಎರಡೂ ಸ್ತನ ತೆಗೆದು ಮರುರಚನೆ ಮಾಡಿಸಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಎಷ್ಟು ದಿನ? ಮನೆಯಲ್ಲಿ ಏನು ಮಾಡಬೇಕು?

"ಮೂರು ತಿಂಗಳು ಕೈ ಆಡಿಸಲೇಬೇಡಿ." "ಬೇಳೆ ತಿಂದರೆ ಹೊಲಿಗೆಯಲ್ಲಿ ಕೀವು ಆಗುತ್ತೆ." "ಇಂಪ್ಲಾಂಟ್ ಹಾಕಿಸಿದರೆ ಕ್ಯಾನ್ಸರ್ ವಾಪಸ್ ಬರುತ್ತೆ." ಸ್ತನದ ಆಪರೇಷನ್ ಆದವರ ಮನೆಗೆ ಇಂಥ ಸಲಹೆಗಳು ನೆಂಟರ ಬಾಯಿಂದಲೂ ಬರುತ್ತವೆ, ವಾಟ್ಸ್ಆ್ಯಪ್‌ನಲ್ಲೂ ಬರುತ್ತವೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಈ ಆಪರೇಷನ್ನಿನಲ್ಲಿ ಆಸ್ಪತ್ರೆಯಲ್ಲಿರುವುದು ಕೆಲವೇ ದಿನ, ಗುಣವಾಗುವುದು ಬಹುಪಾಲು ಮನೆಯಲ್ಲೇ. ಹಾಗಾಗಿ ಮನೆಯವರಿಗೆ ಸರಿಯಾದ ಮಾಹಿತಿ ಇರಬೇಕು. ಒಂದೊಂದಾಗಿ ನೋಡೋಣ.

ಏನಿದು ಆಪರೇಷನ್?

ಎರಡೂ ಸ್ತನಗಳನ್ನು ತೆಗೆಯುವುದಕ್ಕೆ ಡಬಲ್ ಮ್ಯಾಸ್ಟೆಕ್ಟಮಿ ಎನ್ನುತ್ತಾರೆ. ಕ್ಯಾನ್ಸರ್ ಬಂದವರಿಗೆ ಮಾತ್ರವಲ್ಲ, ಅನುವಂಶೀಯವಾಗಿ ಕ್ಯಾನ್ಸರ್ ಬರುವ ಅಪಾಯ ತುಂಬಾ ಹೆಚ್ಚಿರುವ ಕೆಲವರಿಗೂ ಇದನ್ನು ಮಾಡುತ್ತಾರೆ. ಬಿಆರ್‌ಸಿಎ1 ಜೀನ್‌ನಲ್ಲಿ ದೋಷವಿದ್ದ ಹಾಲಿವುಡ್ ನಟಿ ಆಂಜಲಿನಾ ಜೋಲಿ ಕ್ಯಾನ್ಸರ್ ಬರುವ ಮುಂಚೆಯೇ ಇದನ್ನು ಮಾಡಿಸಿಕೊಂಡು, 2013ರ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಬರೆದಿದ್ದರು. ಅವರಿಗೆ ಮುಖ್ಯ ಆಪರೇಷನ್ ಆದ ಒಂಬತ್ತು ವಾರಗಳ ನಂತರ ಇಂಪ್ಲಾಂಟ್ ಹಾಕಲಾಯಿತು. ಅಂದರೆ ಇದು ಹಲವರಿಗೆ ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆಯಲ್ಲ.

ಸ್ತನದ ಆಕಾರವನ್ನು ಮತ್ತೆ ರೂಪಿಸುವುದೇ ಮರುರಚನೆ. ಇದರಲ್ಲಿ ಮುಖ್ಯವಾಗಿ ಎರಡು ವಿಧಾನಗಳಿವೆ. ಒಂದು, ಸಿಲಿಕಾನ್ ಅಥವಾ ಸಲೈನ್ ತುಂಬಿದ ಇಂಪ್ಲಾಂಟ್ ಹಾಕುವುದು. ಕೆಲವರಿಗೆ ಮೊದಲು ಎಕ್ಸ್‌ಪಾಂಡರ್ ಎಂಬ ಖಾಲಿ ಚೀಲವನ್ನಿಟ್ಟು, ಗಾಯ ಮಾಗಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಸಲೈನ್ ತುಂಬಿ ಚರ್ಮವನ್ನು ಹಿಗ್ಗಿಸುತ್ತಾರೆ. ಇನ್ನೊಂದು, ಹೊಟ್ಟೆ ಅಥವಾ ಬೆನ್ನಿನ ಭಾಗದಿಂದ ಚರ್ಮ, ಕೊಬ್ಬು ತೆಗೆದು ಎದೆಗೆ ಜೋಡಿಸುವ ಫ್ಲಾಪ್ ವಿಧಾನ.

ಆಸ್ಪತ್ರೆಯಲ್ಲಿ ಎಷ್ಟು ದಿನ?

ಇಂಪ್ಲಾಂಟ್ ಅಥವಾ ಎಕ್ಸ್‌ಪಾಂಡರ್ ಆದರೆ ಸಾಮಾನ್ಯವಾಗಿ 1ರಿಂದ 2 ದಿನ. ಹೊಟ್ಟೆಯ ಫ್ಲಾಪ್ ಆದರೆ ಸುಮಾರು 3ರಿಂದ 5 ದಿನ. ರೋಗಿಯ ಸ್ಥಿತಿ, ಆಸ್ಪತ್ರೆಯ ಪದ್ಧತಿ ನೋಡಿ ಇದು ಬದಲಾಗಬಹುದು.

ಫ್ಲಾಪ್ ಆದವರನ್ನು ಮೊದಲ ದಿನ ನರ್ಸ್ ಗಂಟೆಗೊಮ್ಮೆ ಬಂದು ನೋಡುತ್ತಾರೆ, ರಾತ್ರಿಯೂ ಎಬ್ಬಿಸಬಹುದು. ಗಾಬರಿ ಬೇಡ. ಜೋಡಿಸಿದ ಭಾಗಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಬಣ್ಣ, ಬಿಸುಪು ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ತೊಂದರೆ ಬೇಗ ಗೊತ್ತಾದರೆ ಆ ಭಾಗವನ್ನು ಉಳಿಸಿಕೊಳ್ಳಬಹುದು. ಸಾಮಾನ್ಯವಾಗಿ ಮಾರನೆಯ ದಿನವೇ ಎಬ್ಬಿಸಿ ನಡೆಸುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಅಗತ್ಯ. ಹೊಟ್ಟೆಯಿಂದ ಚರ್ಮ ತೆಗೆದವರು ಕೆಲವು ದಿನ ಸ್ವಲ್ಪ ಬಾಗಿಯೇ ನಡೆಯಬೇಕಾಗುತ್ತದೆ.

ಮನೆಗೆ ಬರುವಾಗ ಟ್ಯೂಬ್ ಯಾಕೆ?

ಆಪರೇಷನ್ ಆದ ಜಾಗದಲ್ಲಿ ರಕ್ತ, ನೀರು ಸೇರಿಕೊಳ್ಳುತ್ತದೆ. ಅದು ಹೊರಗೆ ಬರಲೆಂದು ಡ್ರೈನ್ ಎಂಬ ತೆಳು ಟ್ಯೂಬ್ ಇಟ್ಟು, ತುದಿಯಲ್ಲಿ ಒಂದು ಚಿಕ್ಕ ಬಲ್ಬ್ ಜೋಡಿಸಿರುತ್ತಾರೆ. ಹೆಚ್ಚಿನವರು ಇದರ ಜೊತೆಗೇ ಮನೆಗೆ ಬರುತ್ತಾರೆ.

• ಕೈ ತೊಳೆದು, ದಿನಕ್ಕೆ ಎರಡು ಸಲ ಬಲ್ಬ್ ಖಾಲಿ ಮಾಡಿ.
• ಎಷ್ಟು ಮಿ.ಲೀ. ಬಂತು, ಯಾವ ಬಣ್ಣವಿತ್ತು ಎಂದು ಬರೆದಿಡಿ. ಒಂದಕ್ಕಿಂತ ಹೆಚ್ಚು ಡ್ರೈನ್ ಇದ್ದರೆ ಒಂದೊಂದರ ಲೆಕ್ಕವನ್ನೂ ಬೇರೆ ಇಡಿ.
• ಮೊದಲು ಕೆಂಪಾಗಿರುವ ದ್ರವ ದಿನ ಕಳೆದಂತೆ ತಿಳಿ ಹಳದಿಯಾಗುತ್ತದೆ.
• ಸಾಮಾನ್ಯವಾಗಿ ಒಂದು ಡ್ರೈನ್‌ನಿಂದ ದಿನಕ್ಕೆ 30 ಮಿ.ಲೀ.ಗಿಂತ ಕಡಿಮೆ ಬರತೊಡಗಿದ ಮೇಲೆ ಡಾಕ್ಟರ್ ಅದನ್ನು ತೆಗೆಯುತ್ತಾರೆ. ಇದಕ್ಕೆ 1ರಿಂದ 3 ವಾರ ಹಿಡಿಯಬಹುದು. ನೀವೇ ಎಳೆದು ತೆಗೆಯಬೇಡಿ.

ನಂಬಿಕೆಗಳು ಮತ್ತು ನಿಜ

ಕೈ ಆಡಿಸಲೇಬಾರದೇ? ಆಡಿಸದಿದ್ದರೆ ಭುಜ ಬಿಗಿದುಕೊಳ್ಳುತ್ತದೆ. ಬೆರಳು, ಮೊಣಕೈ ಆಡಿಸುವಂಥ ಹಗುರ ವ್ಯಾಯಾಮವನ್ನು ಡಾಕ್ಟರ್ ಬೇಗನೇ ಹೇಳಿಕೊಡುತ್ತಾರೆ. ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವುದು ಮಾತ್ರ ಅವರು ಹೇಳಿದ ಮೇಲೆ. ಭಾರ ಎತ್ತುವುದು ಸುಮಾರು 4ರಿಂದ 6 ವಾರ ಬೇಡ. ಒಂದು ಲೀಟರ್ ನೀರು ಎಂದರೆ ಒಂದು ಕೆಜಿ ಭಾರ. ಹಾಗಾಗಿ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮಗುವನ್ನು ಎತ್ತುವುದು ಯಾವುದೂ ಬೇಡ.

ಬೇಳೆ, ಮೊಟ್ಟೆ, ಬದನೆಕಾಯಿ ನಂಜೇ? ಕೀವು ಆಗುವುದು ಬ್ಯಾಕ್ಟೀರಿಯಾ ಸೋಂಕಿನಿಂದ, ಬೇಳೆಯಿಂದಲ್ಲ. ಗಾಯ ಮಾಗಲು ಪ್ರೋಟೀನ್ ಬೇಕು. ಬೇಳೆ, ಕಾಳು, ಮೊಸರು, ಮೊಟ್ಟೆ ಬಿಡಿಸಿ ಬರೀ ಗಂಜಿ ಕೊಟ್ಟರೆ ನಷ್ಟ ರೋಗಿಗೇ. ಬಿಡಬೇಕಾದದ್ದು ಬೀಡಿ, ಸಿಗರೇಟು, ತಂಬಾಕು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸಿ ಗಾಯ ಮಾಗುವುದನ್ನು ತಡೆಯುತ್ತದೆ.

ಬಿಸಿ ಶಾಖ ಕೊಟ್ಟರೆ ನೋವು ಹೋಗುತ್ತದೆಯೇ? ಇದು ಅಪಾಯ. ನರಗಳು ಕತ್ತರಿಸಿ ಹೋಗಿರುವುದರಿಂದ ಎದೆಯ ಚರ್ಮಕ್ಕೆ ಸ್ಪರ್ಶ, ಬಿಸಿ ಗೊತ್ತಾಗುವುದಿಲ್ಲ. ಬಿಸಿನೀರಿನ ಬ್ಯಾಗ್, ಸುಡುಸುಡು ನೀರಿನ ಸ್ನಾನದಿಂದ ಸುಟ್ಟರೂ ತಿಳಿಯದು. ಐಸ್ ಕೂಡ ಬೇಡ. ನೋವಿಗೆ ಡಾಕ್ಟರ್ ಬರೆದ ಮಾತ್ರೆ ಸಾಕು.

ಇಂಪ್ಲಾಂಟ್‌ನಿಂದ ಸ್ತನ ಕ್ಯಾನ್ಸರ್ ಮರಳುತ್ತದೆಯೇ? ಇಲ್ಲ. ಆದರೆ ಈ ಮಾತಿಗೆ ಒಂದು ಹಿನ್ನೆಲೆಯಿದೆ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಜೊತೆ ಅಪರೂಪದ ಲಿಂಫೋಮಾ ನಂಟು ಕಂಡುಬಂದಿದ್ದರಿಂದ, 2019ರಲ್ಲಿ ಅಂಥ ಒಂದು ಬಗೆಯನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಅದು ಸ್ತನ ಕ್ಯಾನ್ಸರ್ ಅಲ್ಲ. ನಿಮಗೆ ಹಾಕಿದ ಇಂಪ್ಲಾಂಟ್ ಯಾವುದು ಎಂದು ಕೇಳಿ, ಅದರ ಕಾರ್ಡ್ ಜೋಪಾನವಾಗಿಡಿ. ಎಕ್ಸ್‌ಪಾಂಡರ್ ಇದ್ದರೆ ಎಂಆರ್‌ಐ ಮಾಡಿಸುವ ಮುಂಚೆ ತಪ್ಪದೇ ಹೇಳಿ. ಹಲವು ಎಕ್ಸ್‌ಪಾಂಡರ್‌ಗಳಲ್ಲಿ ಅಯಸ್ಕಾಂತ ಇರುತ್ತದೆ.

ತಡಮಾಡದೆ ಆಸ್ಪತ್ರೆಗೆ ಫೋನ್ ಮಾಡಿ

• 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ
• ಒಂದು ಕಡೆ ಹಠಾತ್ತನೆ ಊತ, ಬಿಗಿತ. ಬಲ್ಬ್‌ನಲ್ಲಿ ಬೇಗಬೇಗ ರಕ್ತ ತುಂಬುವುದು
• ಹರಡುತ್ತಿರುವ ಕೆಂಪು, ಕೀವು, ಕೆಟ್ಟ ವಾಸನೆ
• ಫ್ಲಾಪ್ ತಣ್ಣಗಾಗುವುದು, ನೀಲಿ ಅಥವಾ ಕಪ್ಪಾಗುವುದು
• ಒಂದು ಕಾಲಿನ ಮೀನಖಂಡದಲ್ಲಿ ನೋವು, ಊತ

ಎದೆನೋವು ಅಥವಾ ಏದುಸಿರು ಬಂದರೆ ಫೋನ್ ಮಾಡುತ್ತಾ ಕೂರಬೇಡಿ, ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಪೂರ್ತಿ ಚೇತರಿಕೆ ಎಂದಿಗೆ?

ಇಂಪ್ಲಾಂಟ್ ಆದವರು ಸುಮಾರು 4ರಿಂದ 6 ವಾರಗಳಲ್ಲಿ, ಫ್ಲಾಪ್ ಆದವರು 6ರಿಂದ 8 ವಾರಗಳಲ್ಲಿ ದಿನನಿತ್ಯದ ಕೆಲಸಗಳಿಗೆ ಮರಳುತ್ತಾರೆ. ಮರಗಟ್ಟಿದ ಭಾವನೆ ಕೆಲವರಲ್ಲಿ ಪೂರ್ತಿ ಹೋಗದೇ ಉಳಿಯಬಹುದು. ಕನ್ನಡಿ ನೋಡಲು ಮನಸ್ಸಾಗದಿರುವುದು, ಅಳು ಬರುವುದು ಕೂಡ ಸಹಜ. ಅದನ್ನೂ ಡಾಕ್ಟರ್ ಹತ್ತಿರ ಹೇಳಿಕೊಳ್ಳಬಹುದು. "ಜೀವ ಉಳಿಯಿತಲ್ಲ, ಇನ್ನೇನು" ಎಂದು ಮನೆಯವರು ಬಾಯಿ ಮುಚ್ಚಿಸದೇ ಕೇಳಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಇಲ್ಲಿ ಹೇಳಿರುವುದು ಸಾಮಾನ್ಯ ಮಾಹಿತಿ. ನಿಮ್ಮ ಸರ್ಜನ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ಅಂತಿಮ. ನಿಮ್ಮ ಬಳಗದಲ್ಲಿ ಯಾರಿಗಾದರೂ ಈ ಆಪರೇಷನ್ ಇದ್ದರೆ, ಅವರನ್ನು ನೋಡಿಕೊಳ್ಳುವವರಿಗೂ ಇದನ್ನು ಕಳುಹಿಸಿ.