ಶಂಖದ ಬಳೆ, ಶಂಖದ ಧೂಳು: ದಖ್ಖನಿನ ಒಂದು ಕಸುಬನ್ನು ಕುರಿತು

ಪುಣೆ ಜಿಲ್ಲೆಯ ಘೋಡ್ ನದಿಯ ದಂಡೆಯ ಇನಾಮಗಾಂವ್‌ನಲ್ಲಿ ಡೆಕ್ಕನ್ ಕಾಲೇಜಿನ ವಿದ್ವಾಂಸರು 1968ರಿಂದ 1983ರವರೆಗೆ ನಡೆಸಿದ ಉತ್ಖನನ ಸುಪ್ರಸಿದ್ಧವಾದುದು. ಅಲ್ಲಿಯ ತಾಮ್ರಶಿಲಾಯುಗದ ಜನರಿಗೆ ಚಿನ್ನ ಮತ್ತು ಆನೆದಂತ ಕರ್ನಾಟಕದಿಂದಲೂ ಶಂಖ ಸೌರಾಷ್ಟ್ರದ ಕರಾವಳಿಯಿಂದಲೂ ಒದಗುತ್ತಿದ್ದುವೆಂದು ಉತ್ಖನನಕಾರರಲ್ಲಿ ಒಬ್ಬರಾದ ಎಂ. ಕೆ. ಧವಳೀಕರ್ ಅಭಿಪ್ರಾಯಪಟ್ಟಿದ್ದಾರೆ. ಚಿನ್ನದ ವಿಚಾರ ಕನ್ನಡ ನಾಡಿನ ಸಂಶೋಧಕರಿಗೆ ಹೊಸದಲ್ಲ, ಎಂ. ಎಸ್. ನಾಗರಾಜರಾವ್ ಅವರು 1963-64ರಲ್ಲಿ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯನ್ನು ಅಗೆದಾಗ ಚಿನ್ನದ ಆಭರಣಗಳು ದೊರೆತಿದ್ದುವು. ಶಂಖದ ವಿಚಾರವಾದರೋ ಪಟ್ಟಿಗಳಲ್ಲಿ ಒಂದು ಸಾಲಾಗಿ ಉಳಿದುಬಿಟ್ಟಿದೆ. ಆ ಸಾಲನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಲು ಯತ್ನಿಸಿದ್ದೇವೆ.

ದಖ್ಖನಿನ ಒಳನಾಡಿನಲ್ಲಿ ಶಂಖದ ಬಳೆಯ ತುಂಡುಗಳನ್ನು ಮೊದಲಿಗೆ ಶ್ರದ್ಧೆಯಿಂದ ಆಯ್ದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಆತನ ಸಂಗ್ರಹ 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅದನ್ನು ಆಧಾರವಾಗಿಟ್ಟುಕೊಂಡು ಮದರಾಸಿನ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್, ಬಳೆಯ ಕಸುಬು ಒಮ್ಮೆ ತಿರುನೆಲ್ವೇಲಿಯಿಂದ ಕಾಠಿಯಾವಾಡದವರೆಗೆ ದಖ್ಖನಿನ ಮೂಲಕ ಹಬ್ಬಿತ್ತೆಂದು ವಾದಿಸಿದನು. ವಾದ ಆಕರ್ಷಕವಾಗಿದೆ. ಆದರೆ ಬಳೆ ಸಿಕ್ಕಿದ ಊರೆಲ್ಲ ಬಳೆ ಮಾಡಿದ ಊರಾಗಬೇಕಿಲ್ಲ. ಬಳೆಗಾರನ ಹೆಗಲ ಮೇಲೆ ಬಳೆ ಬಹುದೂರ ಹೋಗುತ್ತದೆ.

ಕಾರ್ಖಾನೆಯ ಸಾಕ್ಷಿ ಬಳೆಯಲ್ಲ, ಕಸ. ಬಳೆ ಮಾಡುವವನು ಮೊದಲು ಶಂಖದ ತುದಿಯನ್ನು ಒಡೆದು, ಒಳಗೋಡೆಗಳನ್ನು ಕುಟ್ಟಿ ತೆಗೆದು, ಟೊಳ್ಳಾದ ಮೈಯನ್ನು ಗರಗಸದಿಂದ ಅಡ್ಡವಾಗಿ ಕೊಯ್ಯುತ್ತಾನೆ. ನಡುವಿನ ತಿರುಚುಗಂಬ, ತುದಿಯ ಚೂರು, ಅರ್ಧ ಕೊಯ್ದು ಬಿರುಕುಬಿಟ್ಟ ಉಂಗುರ ಇವೆಲ್ಲ ಅಲ್ಲಿಯೇ ಬೀಳುತ್ತವೆ. ದ್ವಾರಕೆಯ ಬಳಿಯ ನಾಗೇಶ್ವರದಲ್ಲಿ ಇಂತಹ ಕಸ ಹೇರಳವಾಗಿ ದೊರೆತುದರಿಂದಲೇ ಅದು ಹರಪ್ಪ ಕಾಲದ ಶಂಖಶಿಲ್ಪದ ನೆಲೆಯೆಂದು ಖಚಿತವಾಯಿತು. ಜೊನಾಥನ್ ಮಾರ್ಕ್ ಕೆನೋಯರ್ ಅವರು ಗರಗಸದ ಗೆರೆಗಳನ್ನಳೆದು, ಬಂಗಾಳದ ಶಂಖಾರಿಗಳ ಕೆಲಸದೊಡನೆ ಹೋಲಿಸಿ, ಹರಪ್ಪದವರ ಗರಗಸದ ಆಕಾರವನ್ನೇ ಊಹಿಸಿದರು. ಮಸ್ಕಿಯ ತುಂಡುಗಳಿಗೂ ಇದೇ ಒರೆಗಲ್ಲು ಸಲ್ಲಬೇಕು.

ಇನ್ನು ನಮ್ಮ ಮುಖ್ಯ ಮಾತು. ಬಳೆಯ ಮೈಯಲ್ಲಿ ಕೊಯ್ತದ ಗುರುತು ಉಳಿಯುತ್ತದೆ. ಕೊಯ್ಯುವಾಗ ಎದ್ದ ಧೂಳು ಉಳಿಯುವುದಿಲ್ಲ. ಹಾರ್ನೆಲ್ ವರ್ಣಿಸಿದ ಬಂಗಾಳದ ಕೆಲಸಗಾರ ನೆಲದ ಮೇಲೆ ಕುಳಿತು, ಶಂಖವನ್ನು ಕಾಲಿನಿಂದ ಒತ್ತಿಹಿಡಿದು, ಅರ್ಧಚಂದ್ರಾಕಾರದ ಭಾರವಾದ ಕಬ್ಬಿಣದ ಗರಗಸವನ್ನು ಕೈಯಿಂದಲೇ ಎಳೆಯುತ್ತಾನೆ. ಬಳೆಯ ಒಳಮೈಯನ್ನು ನಯಗೊಳಿಸುವುದು ಅರಗಿನಲ್ಲಿ ಮರಳು ಕೂಡಿಸಿ ಲೇಪಿಸಿದ ಕಡ್ಡಿಯಿಂದ. ಈ ಮರಳನ್ನು ಗಮನಿಸಬೇಕು. ಶಂಖ ಬಹುಮಟ್ಟಿಗೆ ಸುಣ್ಣದ ಕಾರ್ಬೊನೇಟು. ಶ್ವಾಸಕೋಶಕ್ಕೆ ಮಾರಕವಾದ ಸಿಲಿಕ ಅದರಲ್ಲಿ ನಗಣ್ಯ. ಖಂಭಾತದ ಅಕೀಕು ಉಜ್ಜುವವರನ್ನು ಕಾಡಿದ ಸಿಲಿಕೋಸಿಸ್ ಕಲ್ಲಿನಿಂದಲೇ ಬಂದದ್ದು. ಆದರೆ ಮರಳಿನಿಂದಲೋ ಮರಳುಗಲ್ಲಿನ ಮೇಲೋ ಒಣಗಿದ ಶಂಖವನ್ನು ಉಜ್ಜಿದರೆ, ಚಿಪ್ಪಿನಲ್ಲಿ ಇಲ್ಲದ ಸಿಲಿಕವನ್ನು ಸಾಧನವೇ ಗಾಳಿಗೆ ಬಿಡುತ್ತದೆ. ಚಿಪ್ಪಿನ ಧೂಳೂ ಪೂರ್ತಿ ನಿರುಪದ್ರವಿಯಲ್ಲ: ಮುತ್ತಿನಚಿಪ್ಪನ್ನು ಕಡೆಯುತ್ತಿದ್ದ ಎಳೆಯ ಕೆಲಸಗಾರರಲ್ಲಿ ಮೂಳೆಯ ಉರಿಯೂತವನ್ನು ವಿಯೆನ್ನಾದ ವೈದ್ಯರು 19ನೆಯ ಶತಮಾನದಲ್ಲಿಯೇ ಗುರುತಿಸಿದ್ದರು.

ಇದಕ್ಕೆ ಪರಿಹಾರ ಸರಳವಾದುದು, ನೀರು. ಒದ್ದೆಯಾಗಿ ಕೊಯ್ದರೆ ಧೂಳು ಕೆಸರಾಗಿ ಕೆಳಗಿಳಿಯುತ್ತದೆ. ಕಾವೇರದೆ ಚಿಪ್ಪೂ ಬಿರಿಯುವುದಿಲ್ಲ. ಕೈಗರಗಸದ ಸ್ಥಾನವನ್ನು ವಿದ್ಯುತ್ ಯಂತ್ರ ಆಕ್ರಮಿಸಿದ ಮೇಲೆ ಧೂಳು ಹೆಚ್ಚೂ ನುಣುಪೂ ಆಗಿರುವುದರಿಂದ ನೀರಿನ ಜೊತೆಗೆ ಧೂಳೆಳೆಯುವ ಕೊಳವೆ, ಕಣ್ಣಿಗೆ ಕನ್ನಡಕ, ನುಣ್ಣನೆಯ ಕಣವನ್ನು ತಡೆಯುವ ಮುಖಕವಚ ಬೇಕಾಗುತ್ತವೆ. ಮೂಗಿಗೆ ಕಟ್ಟಿದ ಬಟ್ಟೆ ಸಾಲದು. ಅಲಂಕಾರದ ಚಿಪ್ಪುಕೆಲಸದ ಕೈಪಿಡಿಗಳು ಮೆರುಗಿನ ಬಗೆಗೆ ಪುಟಗಟ್ಟಲೆ ಬರೆದು ಇದನ್ನು ಕೊನೆಯ ಸಾಲಿಗೆ ತಳ್ಳುವುದು ನಮಗೆ ಸರಿಯೆನಿಸಿಲ್ಲ.

ಇನಾಮಗಾಂವ್, ಮಸ್ಕಿಗಳ ಶಂಖಶಿಲ್ಪಿ ಒದ್ದೆಯಾಗಿ ಕೊಯ್ದನೋ ಒಣಗಾಗಿಯೋ? ಬಳೆಯ ತುಂಡು ಇದನ್ನು ಹೇಳದು. ಉಜ್ಜುಗಲ್ಲಿನ ಜಾತಿ ಮತ್ತು ಅದರ ತೋಡಿನಲ್ಲಿ ಹೆಪ್ಪುಗಟ್ಟಿದ ಪುಡಿ ಸ್ವಲ್ಪಮಟ್ಟಿಗೆ ಹೇಳಬಹುದು. ಆದುದರಿಂದ ಪುಣೆ, ಚೆನ್ನೈ ಮೊದಲಾದೆಡೆ ಹಳೆಯ ಸಂಗ್ರಹಗಳನ್ನು ಪರಿಶೀಲಿಸುವ ಮಿತ್ರರು ಬಳೆಯ ತುಂಡಿನೊಡನೆ ಉಜ್ಜುಗಲ್ಲನ್ನೂ, ತಿರುಚುಗಂಬದ ಚೂರನ್ನೂ ದಾಖಲಿಸಬೇಕೆಂದೂ ಕಲ್ಲನ್ನು ತೊಳೆಯುವ ಮೊದಲು ಅದರ ತೋಡಿನ ಪುಡಿಯನ್ನು ಪ್ರತ್ಯೇಕವಾಗಿ ತೆಗೆದಿಡಬೇಕೆಂದೂ ವಿನಂತಿಸುತ್ತೇವೆ.